ಬಟ್ಟೆಗೆ ಹತ್ತಿದ ಕಪ್ಪು

ಭಾನುವಾರ, ಜೂನ್ ೧೪

ನಿದ್ದೆ ಬರುವ ಲಕ್ಷಣವೇ ಇಲ್ಲ! ಮೊನ್ನೆ ಹಳೆ ಕಾರ್ಡುಗಳ ಅಂಗಡಿಯಲ್ಲಿ ಸಿಕ್ಕಿತಲ್ಲ, ಕಪ್ಪು ಅಂಚಿನ, ಹಾರುವ ಹುಲಿಯ ಚಿತ್ರದ ಆಟದ ಕಾರ್ಡು, ಇವತ್ತು ರಾತ್ರಿ ಅದಕ್ಕೆ ಬಾಯಿಂದ ಹಬೆ ಊದಿ ಕನ್ನಡಕದ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಿದ್ದೆ. ಅಕ್ಕ ಎಂದಿನ ರಾಗ ತೆಗೆದಳು: "ಒರೆಸೋದೂ ತಿದ್ದಿದ ಹಾಗೇ ಕಣೋ. ಸಂಗ್ರಹದ ಕಾರ್ಡು ಹೇಗೆ ಸಿಕ್ತೋ ಹಾಗೇ ಇರಬೇಕು."

"ಮುಖ ತೊಳೆದ್ರೆ ಮೂಗು ಬದಲಾಗುತ್ತಾ?" ಅಂದೆ.

ಅಷ್ಟರಲ್ಲಿ ಬಟ್ಟೆಗೆ ಕಪ್ಪು ಹತ್ತಿತು. ಅಂಚಿನ ಬಣ್ಣವನ್ನೇ ಕಿತ್ತುಬಿಟ್ಟೆನಲ್ಲ!

ಅಕ್ಕ ಭೂತಗನ್ನಡಿ ಹಿಡಿದು ನೋಡಿದಳು. "ಲೋ, ಇದು ಅಚ್ಚಿನ ಬಣ್ಣ ಅಲ್ಲ, ಸ್ಕೆಚ್ ಪೆನ್ನು! ಸವೆದ ಮೂಲೆ ಕಾಣಬಾರದು ಅಂತ ಯಾರೋ ಬಳಿದಿದಾರೆ!" ನನ್ನನ್ನು ಬಯ್ಯುವುದನ್ನೂ ಮರೆತು ಕುಣಿದಳು.

ಈಗ ಆ ಮೂಲೆ ಸವೆದು ಬೆಳ್ಳಗೆ ಕಾಣುತ್ತಿದೆ. ಹೊಸದರಂತೆ ಮಿಂಚುತ್ತಿದ್ದಾಗಲೂ ಅದರ ಮೇಲೆ ಇಷ್ಟು ಪ್ರೀತಿ ಹುಟ್ಟಿರಲಿಲ್ಲ. ಹಾಗಾದರೆ ನಾನು ಕಾರ್ಡನ್ನು ತಿದ್ದಿದೆನೋ, ಇನ್ನೊಬ್ಬರು ತಿದ್ದಿದ್ದನ್ನು ಅಳಿಸಿದೆನೋ? ಕೇಳಿದರೆ ಅಕ್ಕ ಭೂತಗನ್ನಡಿಯನ್ನು ನನ್ನ ಕೈಗಿತ್ತು ಮಲಗಲು ಹೋದಳು.

ಎದುರಿನ ಮೂಲೆ ಇನ್ನೂ ಕಪ್ಪಗಿದೆ. ಮುಟ್ಟಲೋ ಬೇಡವೋ ಎಂದು ಯೋಚಿಸುತ್ತಾ ಇದನ್ನು ಬರೆಯುತ್ತಿರುವಾಗಲೇ ಗೋಡೆಯಾಚೆಯಿಂದ ಅವಳ ದನಿ:

"ಎದ್ದಿದೀಯೇನೋ? ಆ ಇನ್ನೊಂದು ಮೂಲೆ ಒರೆಸೋವಾಗ ನನ್ನೂ ಕರಿ!"