ನೀವು ಗೆರೆ ಎಳೆದ ಏಳು ಸಾಲು

ಹೆಬ್ಬಗೋಡಿ
೧೫ ಅಕ್ಟೋಬರ್ ೨೦೧೩

ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ಆಯುಧಪೂಜೆಯ ಸಂಜೆ ವಠಾರದ ಮುಂದೆ ಗೀಗೀ ಪದ ಹಾಡಲು ಅನುಮತಿ ಕೇಳಿದಾಗ, ಇದರಲ್ಲಿ ಕೊಲೆ, ರಕ್ತ ಬಹಳ ಇದೆ, ಗಲಾಟೆ ಆದೀತು ಎಂದು ನಮ್ಮ ಎರಡೂ ಮೇಳದ ಹಾಡಿನ ಪುಸ್ತಕದ ಏಳು ಸಾಲುಗಳ ಮೇಲೆ ಕೆಂಪು ಗೆರೆ ಎಳೆದಿರಿ. ಅವುಗಳಲ್ಲಿ ಒಂದನ್ನೂ ನಾವು ಹಾಡಲಿಲ್ಲ. ನೀವು ಕಾವಲಿಗೆ ಕಳಿಸಿದ್ದ ಪೇದೆ ಹಣಮಂತ ಅವರನ್ನು ಕೇಳಿ.

ದೇವಿ ಮಹಿಷಾಸುರನ ಎದೆ ಸೀಳುವ ಸಾಲು ಬಂದಾಗ ನಾನು ಬಾಯಿ ಮುಚ್ಚಿ ದಪ್ಪು ಮಾತ್ರ ಬಾರಿಸಿದೆ. ಎದುರು ಕುಳಿತಿದ್ದ ನಮ್ಮ ಬಿಜಾಪುರ ಕಡೆಯ ಮುನ್ನೂರು ಜನ ಅದನ್ನು ತಾವೇ ಹಾಡಿಬಿಟ್ಟರು! ಅಜ್ಜಿಯ ಬಾಯಿಂದ ಕಲಿತದ್ದು ಗೆರೆ ಎಳೆದರೆ ಹೋಗುತ್ತದೆಯೇ ಸಾಹೇಬರೇ? ವಠಾರದ ಮಾಲೀಕರಾದ ಅಂಜನಮ್ಮನವರೂ, "ಇನ್ನೊಂದ್ಕಿತ ಹಾಡ್ರಮ್ಮ, ನಾನೂ ಕಲ್ತ್ಕೊತೀನಿ" ಎಂದರು. ಆರು ಸಾಲಿಗೂ ಹೀಗೇ ಆಯಿತು.

ಏಳನೆಯದು, ಗಂಡೇ ಹೆಚ್ಚು ಎಂದು ವಾದಿಸಿ ಹಾಡುವ ಎದುರು ಮೇಳದ ಕಾಡಪ್ಪನ ಸಾಲು. ಎದುರಾಡಿದ ಹೆಂಡತಿಯ ಹಲ್ಲು ಉದುರಿಸಬೇಕು ಎನ್ನುವುದು. ಅಲ್ಲಿ ಅವನು ನಿಲ್ಲಿಸಿದ. ಯಾರೂ ಬಾಯಿ ಬಿಡಲಿಲ್ಲ, ಗಂಡಸರೂ ಬಿಡಲಿಲ್ಲ. ಹಿಂದಿನಿಂದ ಒಬ್ಬಳು, "ಅದನ್ನ ಬಿಟ್ಟು ಮುಂದ ಹೋಗೋ ಕಾಡಪ್ಪಾ" ಎಂದು ಕೂಗಿದಳು. ಎಲ್ಲರೂ ನಕ್ಕರು.

ಮುಂದಿನ ವರ್ಷದ ಅನುಮತಿಗೆ ಇದೇ ಅರ್ಜಿ. ಆ ಆರು ಸಾಲುಗಳನ್ನು ನಮಗೆ ಬಿಟ್ಟುಕೊಡಿ. ಏಳನೆಯದರ ಮೇಲೆ ಕಾಡಪ್ಪ ತಾನೇ ಇನ್ನೊಂದು ಗೆರೆ ಎಳೆದಿದ್ದಾನೆ.

ಹಣಮಂತ ಅವರನ್ನು ಬಯ್ಯಬೇಡಿ. ಅವರೂ ಬಿಜಾಪುರದ ಕಡೆಯವರೇ. ಎಲ್ಲರಿಗಿಂತ ಜೋರಾಗಿ ಹಾಡಿದರು. ಮುಂದಿನ ಸಲವೂ ಅವರನ್ನೇ ಕಾವಲಿಗೆ ಹಾಕಿ. ನಮ್ಮ ಹಿಮ್ಮೇಳಕ್ಕೆ ಒಂದು ದನಿ ಕಡಿಮೆಯಿದೆ.

ನಿಮ್ಮ ಮಾತು ಮೀರದ,
ಮಲಕವ್ವ
ಗಾರ್ಮೆಂಟ್ಸ್ ಟೈಲರ್