ಅವ್ವನ ಕಾಯಿಲೆಯ ಹೆಸರು

ಕೊಣನೂರು, 2007

ಅವ್ವ,

ಇವತ್ತು ನಮ್ಮೂರ ಶಾಲೆಯಲ್ಲಿ ಊರವರಿಗೆ ನನ್ನ ಲ್ಯಾಬಿನ ಫೋಟೊ ತೋರಿಸಿದೆ. ಅದರಲ್ಲಿ ನಾವು ಬಿಟ್ಟ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳು ಕ್ಯಾನ್ಸರ್ ಜೀವಕೋಶಗಳಿಗೇ ಹೋಗಿ ಅಂಟಿಕೊಂಡು ಹಸಿರಾಗಿ ಹೊಳೆಯುತ್ತಿದ್ದವು. ಆಮೇಲೆ, ನೀನು ಸತ್ತಿದ್ದು ಮನೆಯವರು ಹೇಳಿಕೊಂಡು ಬಂದ ಹೊಟ್ಟೆನೋವಿನಿಂದಲ್ಲ, ಎದೆಯ ಕ್ಯಾನ್ಸರಿನಿಂದ ಎಂದೂ ಹೇಳಿದೆ.

ದೊಡ್ಡಪ್ಪ ಎದ್ದು ನಿಂತು, "ಸತ್ತೋಳ ಮಾನ ಯಾಕವ್ವ ತೆಗೀತೀಯ? ಕೂತ್ಕೊ" ಅಂದರು.

"ಕೂರಕಿಲ್ಲ ದೊಡ್ಡಪ್ಪ" ಅಂದು, ಅದು ಎದೆಯ ಕ್ಯಾನ್ಸರ್ ಎಂದು ಇನ್ನೊಮ್ಮೆ ಹೇಳಿದೆ.

ನಿನ್ನ ಎದೆಯಲ್ಲಿದ್ದ ಗಂಟನ್ನು ನೀನು ನನಗೊಬ್ಬಳಿಗೇ ತೋರಿಸಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದೆ. ಆಗ ನನಗೆ ಹನ್ನೊಂದು ವರ್ಷ. ನಾನು ಯಾರಿಗೂ ಹೇಳಲಿಲ್ಲ. ಇವತ್ತು ಆಣೆ ಮುರಿದೆ. ಬೈಯುವುದಾದರೆ ಬೈಯಿ.

ಎಲ್ಲರೂ ಹೋದ ಮೇಲೆ ದೊಡ್ಡವ್ವ ನನ್ನ ಕೈ ಹಿಡಿದು, "ನಂಗೂ ಒಂದು ಗಂಟದೆ ಕಣವ್ವ, ನಿಮ್ಮ ದೊಡ್ಡಪ್ಪಂಗೆ ಗೊತ್ತಿಲ್ಲ" ಅಂದಳು.

ನಾಳೆ ಮೊದಲ ಬಸ್ಸಿಗೇ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ದೊಡ್ಡಪ್ಪನಿಗೆ ಹೇಳಿಯೇ ಹೋಗುತ್ತೇನೆ, ಕೇಳಿ ಅಲ್ಲ.

ನಿನ್ನ ಮಗಳು
ದೀಪಶ್ರೀ