ಇನ್ನೂ ಹುಟ್ಟದ ಪೈಪಿಗೆ ಜಾಗವಿದೆ, ನನ್ನ ನಾದಿನಿಗಿಲ್ಲ

ಕಾರ್ಖಾನೆಯ ಮುಖ್ಯ ಎಂಜಿನಿಯರರೇ,

ನಾವು ಓಡಾಡುವ ದಾರಿಗೆ ನೀವು ಅಡ್ಡಲಾಗಿ ಉಕ್ಕು ಹೊಡೆಸಿದ್ದೀರಿ. ಅದನ್ನು ತೆಗೆಸಿ. ನಿಮ್ಮ ಕಚೇರಿಗೆ ಬರೆದು ಬರೆದು ಸಾಕಾಗಿ, ಈಗ ಎಲ್ಲರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಓದುವವರಿಗೆ ವಿಷಯ ತಿಳಿಯಬೇಕಲ್ಲ. ಕಾರ್ಖಾನೆಯಿಂದ ಟ್ಯಾಂಕುಗಳ ಕಡೆಗೆ ಹಬೆ, ಎಣ್ಣೆ, ನೀರು ಸಾಗಿಸುವ ಪೈಪುಗಳು ನೆಲದ ಮೇಲೆ ಬಿದ್ದಿರುವುದಿಲ್ಲ. ಉಕ್ಕಿನ ಕಂಬ, ತೊಲೆಗಳ ಮೇಲೆ, ಅಟ್ಟದ ಮೇಲೆ ಅಟ್ಟ ಕಟ್ಟಿದ ಹಾಗೆ ಸಾಲಾಗಿ ಹೋಗುತ್ತವೆ. ಅದಕ್ಕೆ ಪೈಪ್ ರ‍್ಯಾಕ್ ಎನ್ನುತ್ತಾರೆ. ನೌಕರರ ಮನೆಗಳ ಎರಡು ಸಾಲಿನ ನಡುವೆಯೇ ಅದು ಹಾದುಹೋಗುತ್ತದೆ. ಈಚೆ ಸಾಲಿನಲ್ಲಿ ನಾನು, ಆಚೆ ಸಾಲಿನಲ್ಲಿ ನನ್ನ ನಾದಿನಿ. ರ‍್ಯಾಕಿನ ಕೆಳಗೆ ಉದ್ದಕ್ಕೂ ಆಳವಾದ ಚರಂಡಿ. ಒಂದೇ ಒಂದು ಅಂಕಣದಲ್ಲಿ, ಅಂದರೆ ಕಂಬದಿಂದ ಕಂಬದ ನಡುವಿನ ಜಾಗದಲ್ಲಿ, ಮಾತ್ರ ಅದರ ಮೇಲೆ ಚಪ್ಪಡಿ ಹಾಸಿದೆ. ಮದುವೆಯಾಗಿ ಬಂದ ದಿನದಿಂದ ನಾನು ಓಡಾಡಿದ್ದು ಅದರ ಮೇಲೆಯೇ. ಹೋದ ವರ್ಷ ಮೇಲಿನ ಅಟ್ಟಕ್ಕೆ ದಪ್ಪ ದಪ್ಪ ಪೈಪುಗಳು ಬಂದವು. ರ‍್ಯಾಕ್ ಉದ್ದಕ್ಕೆ ವಾಲಬಾರದೆಂದು, ಸರಿಯಾಗಿ ಆ ಅಂಕಣಕ್ಕೇ, ಎರಡೂ ಬದಿಯಲ್ಲಿ ಕಂಬದಿಂದ ಕಂಬಕ್ಕೆ ಕತ್ತರಿಯಂತೆ ಉಕ್ಕಿನ ಪಟ್ಟಿ ಹೊಡೆಸಿದಿರಿ. ಬಗ್ಗಿ ನುಸುಳಿದವರ ಹಣೆ ಒಡೆಯಿತು. ಆಮೇಲೆ ಜಾಲರಿಯನ್ನೂ ಬಿಗಿಸಿದಿರಿ. ನಮ್ಮ ಹಣೆಯ ಮೇಲೆ ನಿಮಗೆ ಅದೆಷ್ಟು ಕಾಳಜಿ!

ನನಗೇನೂ ಕೊರತೆಯಿಲ್ಲ, ತಿಳಿದಿರಲಿ. ಮನೆ ತುಂಬ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ನಾನು ಹೇಳಿದ್ದೇ ನಡೆಯುತ್ತದೆ. ಅಡುಗೆಗೆ ಉಪ್ಪು ಜಾಸ್ತಿಯಾಯಿತು ಎಂದರೆ ಹೌದೆನ್ನುತ್ತಾರೆ, ಕಡಿಮೆಯಾಯಿತು ಎಂದರೂ ಹೌದೆನ್ನುತ್ತಾರೆ. ನನಗೆ ಎದುರು ಮಾತಾಡುತ್ತಿದ್ದವಳು ಒಬ್ಬಳೇ, ಈ ನಾದಿನಿ. ಬಾಯಿ ಮುಚ್ಚದ ಅವಳಿಗೆ ಮನೆಯವರಿಟ್ಟ ಹೆಸರು ರೇಡಿಯೋ. ಮಧ್ಯಾಹ್ನ ಪಾತ್ರೆ ತೊಳೆದಾಗುವ ಹೊತ್ತಿಗೆ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದಳು.

"ಅತ್ತಿಗೆ, ಇದೇನು ಕಾಫಿನೋ, ಲೋಟ ತೊಳೆದ ನೀರೋ?"

"ಬೇಡದಿದ್ರೆ ಇಟ್ಟು ಎದ್ದು ಹೋಗೇ."

"ಹೋಗ್ತೀನಿ ಹೋಗ್ತೀನಿ. ಇನ್ನೊಂದು ಲೋಟ ಕೊಡಿ, ಕುಡ್ಕೊಂಡು ಹೋಗ್ತೀನಿ."

ತೀರಿಕೊಂಡ ನನ್ನ ಯಜಮಾನರ ಬಗ್ಗೆ ನಾನು ಹೇಳಿದ್ದನ್ನು ತಿದ್ದುವ ಅಧಿಕಾರ ಈ ಲೋಕದಲ್ಲಿ ಅವಳಿಗೊಬ್ಬಳಿಗೇ ಇದೆ. ಅವರು ಅವಳ ಅಣ್ಣ. ಈಗ ನಾನು ಅವರ ವಿಷಯ ಏನು ಹೇಳಿದರೂ ಮನೆಯವರೆಲ್ಲ ತಲೆಯಾಡಿಸುತ್ತಾರೆ.

ಮುಖ್ಯರಸ್ತೆ ಸುತ್ತಿ ಹೋಗಬಹುದಲ್ಲ ಎನ್ನುತ್ತೀರಿ. ಅವಳ ಮಂಡಿಗೆ ಅಷ್ಟು ದೂರ ಆಗದು, ಲಾರಿಗಳ ನಡುವೆ ನನಗೂ ಆಗದು. ಭಾನುವಾರ ಮಗ ಕಾರಿನಲ್ಲಿ ಕರೆದೊಯ್ಯುತ್ತಾನೆ. ಆದರೆ ಕಾರಿನಲ್ಲಿ ಹೋದರೆ ಅವಳು ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಬಿಸ್ಕತ್ತಿಟ್ಟು, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾಳೆ. ಈ ವಯಸ್ಸಿನಲ್ಲಿ ನಮ್ಮಿಬ್ಬರನ್ನು ನೆಂಟರನ್ನಾಗಿ ಮಾಡಿದಿರಿ.

ಉಳಿದ ದಿನ ಆಚೆ ಜಾಲರಿಯ ಹಿಂದೆ ಅವಳು, ಈಚೆ ಜಾಲರಿಯ ಮುಂದೆ ನಾನು, ಜೈಲಿನ ಭೇಟಿಯ ಹಾಗೆ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನೀವೇ ತೀರ್ಮಾನಿಸಿ. ನೆತ್ತಿಯ ಮೇಲೆ ಹಬೆಯ ಸದ್ದು, ಅವಳಿಗೆ ಕಿವಿ ಮಂದ. "ಊಟ ಆಯ್ತೇನೇ?" ಎಂದು ಕೂಗುತ್ತೇನೆ. "ಆಯ್ತು ಅತ್ತಿಗೆ!" ಎಂದು ಕೂಗುತ್ತಾಳೆ. ಆಮೇಲೆ? ಕೂಗಿ ಹೇಳುವಂಥ ಮಾತು ಬದುಕಿನಲ್ಲಿ ಎಷ್ಟಿರುತ್ತದೆ, ಎಂಜಿನಿಯರರೇ? ಕಳೆದ ತಿಂಗಳು ಅವಳು ಜಾಲರಿ ಹಿಡಿದು ಏನೋ ಹೇಳಲು ನಿಂತಳು. "ಏನೇ ಅದು?" ಎಂದೆ. ಹಿಂದೆ ಮುಂದೆ ನೋಡಿದಳು. "ಏನಿಲ್ಲ ಬಿಡಿ ಅತ್ತಿಗೆ" ಎಂದು ತಿರುಗಿ ಹೋದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ 'ಏನಿಲ್ಲ' ಎಂಬ ಮಾತನ್ನು ನಾನು ಕೇಳಿರಲಿಲ್ಲ. ಭಾನುವಾರ ಹೋಗಿ ಕೇಳಿದೆ. ಪಕ್ಕದಲ್ಲಿ ಮಗ ಕೂತಿದ್ದ. ನಕ್ಕು ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದಳು.

ಮರುದಿನವೇ ನಿಮ್ಮ ವಿನ್ಯಾಸ ವಿಭಾಗಕ್ಕೆ ಬಂದೆ. ಅಲ್ಲಿನ ಎಂಜಿನಿಯರಮ್ಮ ಕುರ್ಚಿ ಕೊಟ್ಟು, ನಕ್ಷೆ ಬಿಡಿಸಿ ತೋರಿಸಿದರು. (ಅವರ ಮೇಲೆ ರೇಗಬೇಡಿ, ಪಟ್ಟು ಹಿಡಿದವಳು ನಾನು.) ಬಿಸಿಗೆ ಉಕ್ಕು ಹಿಗ್ಗುತ್ತದೆ, ಎರಡು ತುದಿಗೂ ಹಿಗ್ಗಲು ಬಿಡಬೇಕಾದರೆ ಬಿಗಿಯುವ ಪಟ್ಟಿ ನಡುವಿನ ಅಂಕಣದಲ್ಲೇ ಇರಬೇಕು ಎಂದರು. ಒಪ್ಪಿದೆ. ಇಷ್ಟು ದೊಡ್ಡ ಸಂಸಾರ ನಡೆಸಿದವಳಿಗೆ ಬಿಗಿ ಎಲ್ಲಿ, ಸಡಿಲ ಎಲ್ಲಿ ಎಂಬುದು ಅರ್ಥವಾಗುತ್ತದೆ. ಆದರೆ ಕತ್ತರಿಯೇ ಆಗಬೇಕೆ ಎಂದು ಕೇಳಿದೆ. ಬೇಕಿಲ್ಲವಂತೆ! ಎರಡು ಕಂಬಗಳ ಬುಡದಿಂದ ಪಟ್ಟಿಗಳು ಮೇಲೆದ್ದು ತೊಲೆಯ ನಡುವೆ ಕೂಡಿದರೂ ಅದೇ ಬಲ ಬರುತ್ತದಂತೆ. ತೊಲೆ ತುಸು ಗಟ್ಟಿಯಾಗಬೇಕು, ಅಷ್ಟೇ. ನಡುವೆ ಗುಡಾರದ ಬಾಗಿಲಿನ ಹಾಗೆ ದಾರಿ. ಆಕೆ ಹೊಸ ನಕ್ಷೆ ಬರೆದು ನಿಮ್ಮ ಸಹಿಗೆ ಕಳಿಸಿದರು. ನೀವು ಅದರ ಮೇಲೆ ಬರೆದಿರಿ: "ಅನಗತ್ಯ. ಇಲ್ಲಿ ಸಂಚಾರವಿಲ್ಲ."

ಇಲ್ಲವೇ? ಪೈಪಿನ ತೂಕ, ಪರೀಕ್ಷೆಗೆಂದು ಅದರಲ್ಲಿ ತುಂಬುವ ನೀರಿನ ತೂಕ, ಬೀಸುವ ಗಾಳಿ, ಆಗದಿರುವ ಭೂಕಂಪ, ಎಲ್ಲವೂ ನಿಮ್ಮ ಲೆಕ್ಕದಲ್ಲಿದೆ. ಮುಂದೆಂದೋ ಬಂದರೂ ಬರಬಹುದಾದ ಪೈಪುಗಳಿಗೆಂದು ಪ್ರತಿ ಅಟ್ಟದಲ್ಲೂ ಜಾಗ ಖಾಲಿ ಬಿಡುತ್ತೀರಂತೆ. ಇನ್ನೂ ಹುಟ್ಟದ ಪೈಪಿನ ಬಗ್ಗೆ ಇಷ್ಟು ಯೋಚಿಸುವವರಿಗೆ, ಕಣ್ಣೆದುರು ನಡೆದಾಡುವ ಇಬ್ಬರು ಮುದುಕಿಯರು ಕಾಣಲಿಲ್ಲವೇ?

ನಾನು ಬೇಡುವವಳಲ್ಲ, ಹೇಳುತ್ತಿದ್ದೇನೆ. ಆ ನಕ್ಷೆಗೆ ಸಹಿ ಹಾಕಿ. ಅವಳು ನುಂಗಿಕೊಂಡ ಮಾತನ್ನು ನನ್ನ ಅಡುಗೆಮನೆಯಲ್ಲಿ, ಮೆಲ್ಲನೆಯ ದನಿಯಲ್ಲಿ, ನಾನು ಕೇಳಿಸಿಕೊಳ್ಳಬೇಕು. ಇಬ್ಬರಲ್ಲಿ ಯಾರಿಗೆ ಎಷ್ಟು ದಿನ ಉಳಿದಿದೆಯೋ ನಿಮ್ಮ ನಕ್ಷೆಯಲ್ಲಿ ಬರೆದಿಲ್ಲ. ನೀವು ಸಹಿ ಹಾಕುವವರೆಗೆ ದಿನಾ ಮಧ್ಯಾಹ್ನ ಕುರ್ಚಿ ಹಾಕಿಕೊಂಡು ಜಾಲರಿಯ ಮುಂದೆ ಕೂರುತ್ತೇನೆ. ಸಂಚಾರವಿದೆಯೋ ಇಲ್ಲವೋ ಬಂದು ನೋಡಿ. ನಿನ್ನೆ ಆಚೆ ಕಡೆ ಅವಳೂ ಕುರ್ಚಿ ತಂದಿದ್ದಳು. ಹೊತ್ತು ಇಳಿಯುವ ತನಕ ಕೂತಿದ್ದೆವು. ಇಬ್ಬರೂ ಏನೂ ಕೂಗಲಿಲ್ಲ.

ಇಂತಿ,
ನಿಮ್ಮ ಭಾರದ ಲೆಕ್ಕಕ್ಕೆ ಸಿಗದ,
ಈಚೆ ಸಾಲಿನ ಅತ್ತಿಗೆ